ಕೇಬಲ್ಲಿನ ತುದಿಗೆ ಗಟ್ಟಿ ಬೆಸುಗೆ

ಸರ್ಕಾರದ ಪರವಾನಗಿ ಪಡೆದ ಹವ್ಯಾಸಿಗಳು ತಮ್ಮದೇ ಸೆಟ್ ಮತ್ತು ಆಂಟೆನಾದಿಂದ ಪರಸ್ಪರ ಮಾತನಾಡುವುದಕ್ಕೆ ಹ್ಯಾಮ್ ರೇಡಿಯೊ ಎನ್ನುತ್ತಾರೆ. ಇದಕ್ಕೆ ಮೊಬೈಲ್ ಟವರ್ ಬೇಕಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಪೋರ್ಟ್‌ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಅಂಡಮಾನಿನ ಸುದ್ದಿಯನ್ನು ರೇಡಿಯೊ ಮೂಲಕ ಹೊರಗೆ ಮುಟ್ಟಿಸಿತು.

ನಮಗೂ ಇದು ದೂರದ ಮಾತಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಒಂದೇ ಮಳೆಗಾಲದಲ್ಲಿ, ಬಿಣಗಾದ ಎರಡೂ ಬದಿಯಲ್ಲಿ ಹೀಗಾಯಿತು. ದಾರಿ ಕಡಿದಾಗಲೂ ಮಾತು ಕಡಿಯಬಾರದು ಎಂದರೆ ಸೆಟ್ ಒಳ್ಳೆಯದಿದ್ದರೆ ಸಾಲದು. ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿನ ಎರಡೂ ತುದಿ ಗಟ್ಟಿಯಿರಬೇಕು.

ಈ ಕೇಬಲ್ಲಿಗೆ ಕೋಆಕ್ಸಿಯಲ್ ಎಂದು ಹೆಸರು. ನಡುವೆ ತಾಮ್ರದ ತಂತಿ, ಅದರ ಸುತ್ತ ಪ್ಲಾಸ್ಟಿಕ್, ಅದರ ಮೇಲೆ ಹೆಣೆದ ತಾಮ್ರದ ಜಾಲರಿ, ಹೊರಗೆ ಕಪ್ಪು ಸಿಪ್ಪೆ. ಹ್ಯಾಮ್ ಸೆಟ್ಟಿಗೆ 50 ಓಮ್ ಕೇಬಲ್ ಬೇಕು. ಟಿವಿ ಡಿಶ್ಶಿನದು 75 ಓಮ್. ತುದಿಗೆ ಹಾಕುವ ಕನೆಕ್ಟರಿಗೆ ಪಿಎಲ್-259 ಎನ್ನುತ್ತಾರೆ. ದಾರಿಯಲ್ಲಿ 3 ಡೆಸಿಬಲ್ ನಷ್ಟವಾದರೆ 50 ವ್ಯಾಟಿನಲ್ಲಿ 25 ಮಾತ್ರ ಆಂಟೆನಾ ತಲುಪುತ್ತದೆ. ವಾಣಿಜ್ಯ ವಿದ್ಯಾರ್ಥಿಗಳಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ: ಅರ್ಧ ಬಂಡವಾಳ ದಾರಿಯಲ್ಲೇ ಹೋದಂತೆ.

ತೆಳು ಕೇಬಲ್ ಆದ ಆರ್‌ಜಿ-58ಕ್ಕೆ ಕನೆಕ್ಟರ್ ಹಾಕುವ ಕ್ರಮ ಹೀಗಿದೆ.

1. ಮೊದಲು ಹೊರಗಿನ ತಿರುಗುವ ಬಳೆಯನ್ನು, ಆಮೇಲೆ ಸಣ್ಣ ಅಡಾಪ್ಟರನ್ನು ಕೇಬಲ್ಲಿಗೆ ತೊಡಿಸಿಕೊಳ್ಳಿ. ಬೆಸುಗೆಯಾದ ಮೇಲೆ ಬಳೆ ಆ ತುದಿಯಿಂದ ಒಳಗೆ ಹೋಗದು.

2. ಸುಮಾರು 19 ಮಿ.ಮೀ. ಕಪ್ಪು ಸಿಪ್ಪೆ ತೆಗೆಯಿರಿ. ಬ್ಲೇಡ್ ಜಾಲರಿಗೆ ತಾಗಬಾರದು.

3. ಜಾಲರಿಯನ್ನು ಬಿಡಿಸಿ ಅಡಾಪ್ಟರಿನ ಮೇಲೆ ಹಿಂದಕ್ಕೆ ಮಡಚಿ. ಸುಮಾರು 10 ಮಿ.ಮೀ. ಉಳಿಸಿ ಹೆಚ್ಚಿನದನ್ನು ಕತ್ತರಿಸಿ. ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು.

4. ನಡುವಿನ ಪ್ಲಾಸ್ಟಿಕ್ಕನ್ನು ಸುಮಾರು 16 ಮಿ.ಮೀ. ತೆಗೆದು ತಂತಿಗೆ ಕಲಾಯಿ ಹಾಕಿ.

5. ಕನೆಕ್ಟರಿನ ಮೈಯನ್ನು ಅಡಾಪ್ಟರಿಗೆ ತಿರುಗಿಸಿ ಬಿಗಿ ಮಾಡಿ. ತುದಿಯ ಪಿನ್ನಿಗೂ, ಮೈಮೇಲಿನ ತೂತುಗಳ ಮೂಲಕ ಜಾಲರಿಗೂ ಬೆಸುಗೆ ಹಾಕಿ.

ಕಲಾಯಿ ಎಂದರೆ ತಾಮ್ರದ ಪಾತ್ರೆಗೆ ಹಾಕುವ ಅದೇ ಕಲಾಯಿ. ಕೆಲಸದ ಗುಟ್ಟೂ ಅದೇ: ಲೋಹ ಶುದ್ಧವಾಗಿರಬೇಕು, ಚೆನ್ನಾಗಿ ಕಾಯಬೇಕು, ಆಗ ತವರ ತಾನಾಗಿ ಹರಿದು ಹಿಡಿಯುತ್ತದೆ. ಆದರೆ ಪಾತ್ರೆಗೆ ಹಾಕುವ ನವಸಾಗರ ಇಲ್ಲಿ ಬೇಡ, ಅದು ತಂತಿಯನ್ನು ತಿನ್ನುತ್ತದೆ. ರಾಳ ತುಂಬಿದ ಸೋಲ್ಡರ್ ತಂತಿ ಬಳಸಿ. ನಮ್ಮ ಮನೆಯ ಉರ್ದುವಿನಲ್ಲಿ ಬಟ್ಟೆಯ ಹೊಲಿಗೆಗೂ ಲೋಹದ ಬೆಸುಗೆಗೂ ಟಾಂಕಾ ಎಂಬ ಒಂದೇ ಮಾತಿದೆ. ಎರಡರಲ್ಲೂ ಎರಡು ತುಂಡು ಸೇರಿ ಒಂದಾಗಬೇಕು, ಮೇಲೆ ಅಂಟಿಕೊಂಡರೆ ಸಾಲದು.

ಕಷ್ಟವಿರುವುದು ಜಾಲರಿಯ ಬೆಸುಗೆಯಲ್ಲಿ. 63/37 ತವರ–ಸೀಸದ ಸೋಲ್ಡರ್ ಕರಗುವುದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಳಗಿನ ಪಾಲಿಥೀನ್ 100ರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. 25 ವ್ಯಾಟಿನ ಐರನ್ ಹಿಡಿದರೆ ಕನೆಕ್ಟರಿನ ದಪ್ಪ ಮೈ ಕಾವನ್ನೆಲ್ಲ ಹೀರುತ್ತದೆ. ಸೋಲ್ಡರ್ ಹರಿಯುವವರೆಗೆ ಕಾದರೆ ಪ್ಲಾಸ್ಟಿಕ್ ಕರಗಿ ನಡುವಿನ ತಂತಿ ಜಾಲರಿಗೆ ತಾಗಬಹುದು. ಆದ್ದರಿಂದ 80–100 ವ್ಯಾಟಿನ ದಪ್ಪ ಮೊನೆಯ ಐರನ್ ಬೇಕು. ಹೆಚ್ಚು ಕಾವು, ಕಡಿಮೆ ಹೊತ್ತು. ತೂತುಗಳ ಸುತ್ತಲಿನ ಹೊಳಪನ್ನು ಮೊದಲೇ ಅರದಿಂದ ಉಜ್ಜಿಟ್ಟರೆ ಸೋಲ್ಡರ್ ಬೇಗ ಹಿಡಿಯುತ್ತದೆ. ಆರುವವರೆಗೆ ಅಲುಗಿಸಬೇಡಿ. ಕಿಟಕಿ ತೆರೆದಿಡಿ, ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಊಟ ಮಾಡಬೇಡಿ.

ಆಮೇಲೆ ಮಲ್ಟಿಮೀಟರಿನ ಪರೀಕ್ಷೆ. ಕೇಬಲ್ಲಿನ ಎರಡೂ ತುದಿಯನ್ನು ಸೆಟ್ ಮತ್ತು ಆಂಟೆನಾದಿಂದ ಬಿಡಿಸಿಡಿ. ಪಿನ್ನಿನಿಂದ ಪಿನ್ನಿಗೆ ಬೀಪ್ ಬರಬೇಕು, ಮೈಯಿಂದ ಮೈಗೆ ಬರಬೇಕು, ಪಿನ್ನಿನಿಂದ ಮೈಗೆ ಬರಬಾರದು. ಆದರೆ ಬೀಪ್ ಬಂದ ಮಾತ್ರಕ್ಕೆ ನಂಬಬೇಡಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಲೆಕ್ಕದಲ್ಲಿ ತಪ್ಪು ಉಳಿದಿರಬಹುದು ಎಂದು ನಾವು ಓದಿಲ್ಲವೇ? ಇಲ್ಲಿಯೂ ಹಾಗೆ. ಜಾಲರಿಯ ನಾಲ್ಕೇ ಎಳೆ ತಾಗಿದ್ದರೂ ಬೀಪ್ ಬರುತ್ತದೆ. ಕೇಬಲ್ಲನ್ನು ಮೆಲ್ಲಗೆ ಎಳೆದು, ಬಗ್ಗಿಸಿ, ಮತ್ತೆ ನೋಡಿ.

ಕೊನೆಯದು ಮಳೆ. ಪಿಎಲ್-259 ನೀರು ತಡೆಯುವುದಿಲ್ಲ. ಒಮ್ಮೆ ಒಳಗೆ ಹೋದ ನೀರು ಜಾಲರಿಯಲ್ಲಿ ಬತ್ತಿಯ ಎಣ್ಣೆಯಂತೆ ಹರಡುತ್ತದೆ. ಕಡಲ ಉಪ್ಪು ಸೇರಿದರೆ ತಾಮ್ರ ಬೇಗ ಕೆಡುತ್ತದೆ. ಹೊರಗಿರುವ ಕನೆಕ್ಟರಿಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಆಗ ಹೆಂಚಿನ ಮಾಡಿನಂತೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚುತ್ತದೆ. ಕೇಬಲ್ ಮನೆಯೊಳಗೆ ಬರುವ ಮೊದಲು ಅದನ್ನು ಸ್ವಲ್ಪ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ. ಪರೀಕ್ಷೆಗೆ 12 ವರ್ಷ ತುಂಬಿದ್ದರೆ ಸಾಕು. ವಿಜ್ಞಾನ ವಿಭಾಗದವರೇ ಆಗಬೇಕೆಂದಿಲ್ಲ. ಬೆಸುಗೆ ಕಲಿಯಲು ಪರವಾನಗಿಯೂ ಬೇಡ. ಒಂದು ತುಂಡು ಕೇಬಲ್, ಎರಡು ಕನೆಕ್ಟರ್ ತಂದು ಈ ಬೇಸಿಗೆಯಲ್ಲೇ ಕೈ ಪಳಗಿಸಿಕೊಳ್ಳೋಣ. ಜೂನ್ ಬಂದ ಮೇಲೆ ಮಾಡಿನ ಮೇಲೆ ಹತ್ತಿ ಬೆಸುಗೆ ಹಾಕಲಾಗದು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ