ಬೆಟ್ಟದ ಓಟ ಮತ್ತು ಅರ್ಧಶಕ್ತಿ

ಚಿತ್ರದುರ್ಗದಲ್ಲಿ ಮುಂಜಾನೆ ಓಡುವವರಿಗೆ ಎರಡು ದಾರಿಗಳಿವೆ. ಒಂದು, ಬೆಟ್ಟಗಳ ನಡುವಿನ ಚಂದ್ರವಳ್ಳಿ ಕೆರೆಯ ಕಡೆಗೆ ಸಾಗುವುದು. ಇನ್ನೊಂದು, ಆಡುಮಲ್ಲೇಶ್ವರದ ಮೇಲೆ ಹಾದು ಜೋಗಿಮಟ್ಟಿಗೆ ಏರುವುದು. ಹೊಸಬರು ಮೊದಲನೆಯದರಿಂದ ಆರಂಭಿಸುವುದು ಯುಕ್ತ. ಕೋಟೆಯ ಕಲ್ಲುಮೆಟ್ಟಿಲುಗಳು ನಡಿಗೆಗೆ ಮಾತ್ರ ತಕ್ಕವು.

ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬುದು ಆಯುರ್ವೇದದ ವಿಧಿ. ಬಲಶಾಲಿಗಳಿಗೂ ಚಳಿಗಾಲ ಮತ್ತು ವಸಂತದಲ್ಲಿ ಇದೇ ಮಿತಿ; ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರೊಡೆದು, ಬಾಯಿ ಒಣಗಿ, ಬಾಯಿಂದಲೇ ಉಸಿರಾಡುವಂತಾದರೆ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿಯಬೇಕು.

ಬಯಲಿನಲ್ಲಿ ದಣಿದವನು ನಿಂತರೆ ಸಾಕು. ಬೆಟ್ಟದಲ್ಲಿ ದಣಿದವನು ಇಳಿಯಲೇಬೇಕು. ಇಳಿಜಾರಿನಲ್ಲಿ ಉಸಿರು ಹಗುರಾಗುವುದರಿಂದ ಶ್ರಮವಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವವಾಗಿ ಆಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯುತ್ತವೆ. ಅವುಗಳ ಸೂಕ್ಷ್ಮ ಎಳೆಗಳು ಘಾಸಿಗೊಳ್ಳುತ್ತವೆ. ನೋವು ಕಾಣಿಸಿಕೊಳ್ಳುವುದು ಮರುದಿನ, ತೀವ್ರವಾಗುವುದು 24ರಿಂದ 72 ಗಂಟೆಗಳೊಳಗೆ. ಸ್ನಾಯು ಸೋತಾಗ ಮೊಣಕಾಲಿನ ಮೇಲೆ ಒತ್ತಡ ಹೆಚ್ಚಿ, ಹೆಜ್ಜೆ ತಪ್ಪುವ ಭಯವೂ ಉಂಟು.

ಆದ್ದರಿಂದ ಜೋಗಿಮಟ್ಟಿಯ ದಾರಿಯಲ್ಲಿ ಹಿಂದಿರುಗಬೇಕಾದ ಸ್ಥಳವನ್ನು ಶಿಖರವಲ್ಲ, ಶರೀರವೇ ನಿರ್ಣಯಿಸಬೇಕು. ಮೇಲಿನ ಲಕ್ಷಣಗಳು ಕಂಡಲ್ಲಿಯೇ ತಿರುಗಿ, ಕಿರುಹೆಜ್ಜೆಗಳಿಂದ ನಡೆದು ಇಳಿಯಿರಿ. ಅನಂತರ ಹಿತವೆನಿಸುವಷ್ಟು ಮೈ ಒತ್ತಿಕೊಳ್ಳಿರಿ. ಅಜೀರ್ಣವಿದ್ದ ದಿನ ಓಟ ಬೇಡ. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಂತು ವೈದ್ಯರ ನೆರವು ಪಡೆಯಿರಿ. ಹೃದ್ರೋಗ, ಮೊಣಕಾಲುನೋವು ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಉಳಿಸಿಕೊಂಡ ಅರ್ಧಶಕ್ತಿಯೇ ನಮ್ಮನ್ನು ಸುರಕ್ಷಿತವಾಗಿ ಮನೆಗೆ ಮುಟ್ಟಿಸುತ್ತದೆ.