ಆ ಮೂವತ್ತು ರೂಪಾಯಿ ಮನೆಯದು

ತಮ್ಮಾ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಉಳಿದಿದೆ. "ಕಾಕಾ, ರಾಮದುರ್ಗದ ಬಾಡಿಗಿ ಮನಿಗೆ ಸೋಲಾರ್, ತಂಪಿನ ಬಣ್ಣ ಅಂತ ರೊಕ್ಕಾ ಹಾಕಿದ್ರ ಟ್ಯಾಕ್ಸಿನ್ಯಾಗ ಎಷ್ಟು ಬಿಡ್ತಾರ?" ಅಂದಿ. ಆಗ ಬೈಲಹೊಂಗಲದ ಬಸ್ಸಿನಲ್ಲಿದ್ದೆ, ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಅಂಥ ಖರ್ಚಿಗೆಂದೇ ಮೀಸಲಾದ ರಿಯಾಯಿತಿ ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ 2004ರಿಂದ 2015ರವರೆಗೆ ಇತ್ತು. ಬಾಡಿಗೆ ಮನೆಗೆ ಚಳಿ ತಡೆಯುವ ಹೊದಿಕೆ ಹಾಕಿಸಿದ ಮಾಲೀಕ ಮನೆಯೊಂದಕ್ಕೆ 1,500 ಪೌಂಡ್ ತನಕ ಆದಾಯದಲ್ಲಿ ಕಳೆಯಬಹುದಿತ್ತು. ನಮ್ಮಲ್ಲಿ ಇರುವುದು ಬೇರೆ ಲೆಕ್ಕ. ತಿಂಗಳಿಗೆ 5,000 ಬಾಡಿಗೆ ಬಂದರೆ ವರ್ಷಕ್ಕೆ 60,000. ಪುರಸಭೆಗೆ ನೀನು ಆ ವರ್ಷ ಮನೆಪಟ್ಟಿ 2,000 ಕಟ್ಟಿದ್ದರೆ ಉಳಿದದ್ದು 58,000. ಅದರಲ್ಲಿ ನೂರಕ್ಕೆ 30ರಂತೆ 17,400 ರೂಪಾಯಿಯನ್ನು ಸರಕಾರ ಕಣ್ಣುಮುಚ್ಚಿ ಬಿಡುತ್ತದೆ. ರಸೀದಿ ಕೇಳುವುದಿಲ್ಲ. ರಿಪೇರಿ ಮಾಡಿಸಿದರೂ ಅಷ್ಟೇ, ಮಾಡಿಸದಿದ್ದರೂ ಅಷ್ಟೇ. 2026ರ ಏಪ್ರಿಲ್ 1ರಿಂದ 1961ರ ಕಾನೂನಿನ ಜಾಗಕ್ಕೆ ಹೊಸ ಕಾನೂನು. ಕಲಮಿನ ನಂಬರ್ ಬೇರೆ, ಈ 30 ಮಾತ್ರ ಅದೇ.

ಈ ಹಣವನ್ನು ಬಹಳ ಮಂದಿ ಲಾಭ ಅಂದುಕೊಂಡು ಕಿಸೆಗೆ ಹಾಕುತ್ತಾರೆ. ನಾನೂ ಬಹಳ ವರ್ಷ ಹಾಗೇ ಮಾಡಿದೆ. ಅದು ಮನೆಯ ಪಾಲು, ತಮ್ಮಾ.

ಹೋದ ಮೇ ತಿಂಗಳಲ್ಲಿ ಬಾಡಿಗೆ ತರಲು ರಾಮದುರ್ಗಕ್ಕೆ ಹೋಗಿದ್ದೆ. ರಾತ್ರಿ ಒಂಬತ್ತಾಗಿತ್ತು. ಬಲ್ಬು ಬದಲಿಸಲು ಸ್ಟೂಲಿನ ಮೇಲೆ ನಿಂತಾಗ ಕೈ ಸ್ಲ್ಯಾಬಿಗೆ ತಾಗಿತು. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ರೊಟ್ಟಿ ಹಂಚಿನಷ್ಟು ಬಿಸಿ ಇನ್ನೂ ಇತ್ತು. ಬಾಡಿಗೆದಾರರು ಕೂಸನ್ನು ಒದ್ದೆ ಚಾದರದ ಮೇಲೆ ಹೊಸ್ತಿಲ ಹತ್ತಿರ ಮಲಗಿಸಿದ್ದರು. "ಮ್ಯಾಲೆ ನೀರು ಹೊಡದೇವ್ರಿ, ಆದ್ರೂ ಆರವಲ್ದು" ಅಂದಳು ಆ ತಾಯಿ, ತಕರಾರಿನ ದನಿಯಲ್ಲಲ್ಲ. ಅದೇ ಜಾಗದಲ್ಲಿ ಮೊದಲು ಮಣ್ಣಿನ ಮಾಳಿಗೆ ಇತ್ತು. ಜಂತಿ, ಅದರ ಮೇಲೆ ಮೊಳದಷ್ಟು ದಪ್ಪ ಸವಳು ಮಣ್ಣು, ನಡುವೆ ಬೆಳಕಿಂಡಿ. ಬೇಸಿಗೆಯ ಮಧ್ಯಾಹ್ನವೂ ಒಳಗೆ ನಿದ್ದೆ ಬರುತ್ತಿತ್ತು. ಬಾಡಿಗೆ ಹೆಚ್ಚು ಬರಲೆಂದು ಅದನ್ನು ಕೆಡವಿಸಿದವರು ನಾನೂ ನಿಮ್ಮಪ್ಪನೂ. ಆ ರಾತ್ರಿ ಬಾಡಿಗೆ ಎಣಿಸಿಕೊಳ್ಳುವಾಗ ನನಗೆ ಸಂಕಟವಾಯಿತು.

ಅದಕ್ಕೇ ಆ ದುಡ್ಡಿನಲ್ಲಿ ಮೊದಲು ಸ್ಲ್ಯಾಬಿನ ಮೇಲೆ ಅಂಟು ಕಲಸಿದ ಬಿಳಿ ಸುಣ್ಣ ಎರಡು ಕೈ ಹೊಡೆಸು. ಆಮೇಲೆ ಫ್ಯಾನ್. ಹಳೆಯದು ಸುಮಾರು 75 ವ್ಯಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ದಿನಕ್ಕೆ 15 ತಾಸು ತಿರುಗಿದರೆ ತಿಂಗಳಿಗೆ ಫ್ಯಾನೊಂದಕ್ಕೆ 20 ಯೂನಿಟ್ ಉಳಿತಾಯ. ಉಚಿತ ಕರೆಂಟಿನ ಗೃಹಜ್ಯೋತಿ ಇರುವಾಗ ಬಾಡಿಗೆದಾರರಿಗೆಲ್ಲಿ ಬಿಲ್ ಅನ್ನಬೇಡ. ಬೇಸಿಗೆಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರಾ ಬಿಲ್ ಅವರ ತಲೆಗೇ ಬರುತ್ತದೆ. ಸವದತ್ತಿಯ ನಮ್ಮ ಬಾಡಿಗೆ ಮನೆಯಲ್ಲಿ ಮೂರು ಸಂಸಾರಕ್ಕೆ ಒಂದೇ ಮೀಟರ್ ಇದೆಯಲ್ಲ, ಮೂವರದೂ ಕೂಡಿದರೆ 200 ಬೇಗ ದಾಟುತ್ತದೆ, ಅದು ಅನ್ಯಾಯ. ಹೆಸ್ಕಾಂಗೆ ಅರ್ಜಿ ಹಾಕಿ ಒಬ್ಬೊಬ್ಬರಿಗೂ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ ಮಾಡಿಸು. ಬಾಡಿಗೆದಾರರು ಅದಕ್ಕೆ ತಮ್ಮ ಆಧಾರ್ ಜೋಡಿಸಿಕೊಳ್ಳುತ್ತಾರೆ, ಮನೆ ಬಿಟ್ಟಾಗ ಡಿ-ಲಿಂಕ್ ಮಾಡಿಸಿಕೊಂಡು ಹೋಗುತ್ತಾರೆ.

ಸೋಲಾರ್ ಮಾತ್ರ ನೀನು ಬಿಲ್ ಕಟ್ಟುವ ಮೀಟರಿಗೇ ಹಾಕಿಸು. ಬಿಲ್ಲೇ ಬರದ ಮೀಟರಿಗೆ ಹಾಕಿದರೆ ಹಾಕಿದ ದುಡ್ಡು ಯಾವಾಗ ತಿರುಗಿ ಬರಬೇಕು? ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕೂ ಮೇಲ್ಪಟ್ಟರೆ 78,000 ಸಬ್ಸಿಡಿ. ಸೋಲಾರ್ ಸಾಮಾನಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12ರ ಬದಲು 5. ನನ್ನ ಕಣ್ಣಿಗೆ ನಿಜವಾದ ಪರಿಹಾರ ಇಂಥ ನೇರ ನೆರವೇ. ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕದ ಆದಾಯಕ್ಕೆ ತೆರಿಗೆ ಬೀಳದಿರುವಾಗ, ಬೈಲಹೊಂಗಲ, ಕಿತ್ತೂರಿನಲ್ಲಿ ಎರಡು ಖೋಲಿ ಬಾಡಿಗೆಗೆ ಕೊಟ್ಟು ಬದುಕುವ ವಿಧವೆಗೆ ತೆರಿಗೆ ವಿನಾಯಿತಿ ಕೊಟ್ಟರೂ ಏನು ಉಪಯೋಗ? ಮನೆಪಟ್ಟಿಯನ್ನಾದರೆ ಆಕೆಯೂ ಕಟ್ಟುತ್ತಾಳೆ. ಪುಣೆ ಪಾಲಿಕೆ ಸೋಲಾರ್, ಮಳೆನೀರು ಕೊಯ್ಲು ಮಾಡಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ನಮ್ಮ ಪುರಸಭೆ, ಪಟ್ಟಣ ಪಂಚಾಯಿತಿಗಳೂ ಕೊಡಲಿ ಎಂದು ನಾನು ಕಂಡಕಂಡ ಸದಸ್ಯರಿಗೆ ಹೇಳುತ್ತಲೇ ಇದ್ದೇನೆ. ಸದ್ಯ ಏಪ್ರಿಲ್ ಒಳಗೆ ಕಟ್ಟಿದರೆ ನೂರಕ್ಕೆ 5 ಬಿಡುತ್ತಾರೆ, ಅದನ್ನಾದರೂ ಬಿಡಬೇಡ.

ಚಾವಣಿ ರಿಪೇರಿಗೆ ಸಾಲ ಮಾಡಿದರೆ ಬಡ್ಡಿಯನ್ನು ಬಾಡಿಗೆ ಆದಾಯದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ನಷ್ಟವನ್ನು ಸಂಬಳಕ್ಕೆ ಹೊಂದಿಸಲು ಬರುವುದಿಲ್ಲ, ಅಷ್ಟು ನೆನಪಿರಲಿ. ಬ್ಯಾಂಕಿನ ಬಡ್ಡಿ ಪತ್ರ ಇಟ್ಟುಕೋ. ಸ್ಲ್ಯಾಬ್, ಗೋಡೆಗೆ ಮಾಡಿಸಿದ ಕಾಯಂ ಕೆಲಸದ ಬಿಲ್ಲುಗಳನ್ನೂ ಎಸೆಯಬೇಡ, ಮುಂದೆ ಮನೆ ಮಾರುವ ದಿನ ಬಂದರೆ ಲಾಭದ ಲೆಕ್ಕದಲ್ಲಿ ಆ ಖರ್ಚು ಕಳೆಯುತ್ತಾರೆ.

ಬಾಡಿಗೆ ಮಾತ್ರ ಈ ನೆಪದಲ್ಲಿ ಏರಿಸಬೇಡ. ಯಲ್ಲಮ್ಮನ ಬನದ ಹುಣ್ಣಿಮೆ ಜಾತ್ರೆ ಮುಗಿದ ವಾರ ರಜೆ ಹಾಕಿ ಬಾ. ಏಣಿ ನನ್ನ ಹತ್ತಿರ ಇದೆ, ಸುಣ್ಣ ಹಿಂದಿನ ದಿನವೇ ನೆನೆಹಾಕಿಡುತ್ತೇನೆ.