ತೆಳು ಅಡಿಯ ಬೂಟು: ಅವಸರ ಸಲ್ಲದು

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲಾ ಬರಿಗಾಲಿನಲ್ಲಿಯೇ ಮ್ಯಾರಥಾನ್ ಓಡಿ ಚಿನ್ನದ ಪದಕ ಗೆದ್ದರು. ಮೆತ್ತೆಯಿಲ್ಲದ, ತೆಳು ಅಡಿಯ ವ್ಯಾಯಾಮದ ಬೂಟುಗಳನ್ನು ಮೆಚ್ಚುವವರು ಈ ನಿದರ್ಶನವನ್ನು ಮುಂದಿಡುವುದುಂಟು. ಆದರೆ ಬಿಕಿಲಾ ಅವರ ಪಾದಗಳು ಬರಿಗಾಲಿನ ಓಟಕ್ಕೆ ಮೊದಲೇ ಪಳಗಿದ್ದವು. ಊರಿನಲ್ಲಿ ಬಾಲ್ಯವನ್ನು ಬರಿಗಾಲಿನಲ್ಲಿ ಕಳೆದಿದ್ದರೂ, ಹತ್ತಾರು ವರ್ಷ ಬೂಟು ಧರಿಸಿ ನಗರದ ಕಚೇರಿಗೆ ನಡೆದವರಲ್ಲಿ ಆ ಪಳಗುವಿಕೆ ಉಳಿದಿರುವುದಿಲ್ಲ.

ದಪ್ಪ ಹಿಮ್ಮಡಿಯ ಬೂಟನ್ನು ಬಿಟ್ಟೊಡನೆ ಮೀನಖಂಡದ ಸ್ನಾಯುಗಳು ಹೆಚ್ಚು ದುಡಿಯಬೇಕಾಗುತ್ತದೆ. ಪಾದದ 26 ಮೂಳೆಗಳ ಮೇಲೆ ಭಾರವು ಹೊಸ ರೀತಿಯಲ್ಲಿ ಬೀಳುತ್ತದೆ. ಸ್ನಾಯು ಬೇಗ ಒಗ್ಗಿಕೊಳ್ಳುತ್ತದೆ, ಮೂಳೆಗೆ ಹೆಚ್ಚು ಕಾಲ ಬೇಕು. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 10 ವಾರಗಳಲ್ಲಿ ಇಂತಹ ಬೂಟಿಗೆ ಬದಲಾದ 19 ಓಟಗಾರರ ಪೈಕಿ 10 ಮಂದಿಯ ಪಾದದ ಮೂಳೆಗಳೊಳಗೆ ಊತ ಹೆಚ್ಚಿದ್ದುದು ಕಂಡುಬಂದಿತು.

ಆದುದರಿಂದ ಮೊದಲು ದಿನ ಬಿಟ್ಟು ದಿನ ಐದು-ಹತ್ತು ನಿಮಿಷ ಮಾತ್ರ ಹೊಸ ಬೂಟಿನಲ್ಲಿ ನಡೆಯಬೇಕು. ಉಳಿದ ವ್ಯಾಯಾಮಕ್ಕೆ ಹಳೆಯ ಬೂಟೇ ಇರಲಿ. ತಿಂಗಳುಗಳ ಅಭ್ಯಾಸದ ಬಳಿಕವೇ ಓಟ. ಪಾದದ ಮೇಲ್ಭಾಗದಲ್ಲಿ ಒತ್ತಿದರೆ ನೋಯುವ ಜಾಗ ಕಂಡುಬಂದರೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಈ ಪ್ರಯೋಗವೇ ಸಲ್ಲದು.